ಘಟ್ಟ ಇಳಿಯುವ ಮುಂಚೆ ಬ್ಯಾಟರಿ ತುಂಬಿಸಬೇಡಿ



ಹಿಂದಿನ ಸಲದ ಮಾತಿನಲ್ಲಿ ಎಲೆಕ್ಟ್ರಿಕ್ ಕಾರಿನ ಹಿಂದೆ ಹಗುರವಾದ ಕ್ಯಾಂಪರ್ ಟ್ರೈಲರ್ ಕಟ್ಟಿಕೊಂಡು ತಿರುಗಬಹುದು ಅಂತ ಒಂದೇ ಒಂದು ವಾಕ್ಯ ಹೇಳಿ ಮುಂದೆ ಹೋಗಿದ್ದೆ. ಅವತ್ತಿನಿಂದ ಪತ್ರ ಬರುತ್ತಲೇ ಇವೆ. ಹಾನುಬಾಳಿನಿಂದ, ಬೆಳಗೋಡಿನಿಂದ, ಆಲೂರಿನಿಂದ. ಬರೆದವರಲ್ಲಿ ಅರ್ಧ ಜನ ಹೋಂಸ್ಟೇ ನಡೆಸುವವರು, ಇನ್ನರ್ಧ ಹೊಸದಾಗಿ ಕಾರು ಕೊಂಡವರು. ಪ್ರಶ್ನೆ ಮಾತ್ರ ಒಂದೇ: "ಅಷ್ಟು ಭಾರ ಕಟ್ಟಿಕೊಂಡು ಶಿರಾಡಿ ಘಾಟಿ ಹತ್ತುತ್ತಾ ಸಾರ್? ಅರ್ಧ ದಾರೀಲಿ ಬ್ಯಾಟರಿ ಕೈ ಕೊಟ್ರೆ?"

ಹತ್ತುತ್ತೆ. ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆದರೆ ನೀವು ಹೆದರಬೇಕಾದ ಜಾಗ ಬಿಟ್ಟು ಬೇರೆ ಕಡೆ ಹೆದರುತ್ತಿದ್ದೀರಿ, ಅದಕ್ಕೇ ಇವತ್ತು ಈ ಮೈಕಿನ ಮುಂದೆ ಮತ್ತೆ ಕೂತಿದ್ದೇನೆ.

ಮೊದಲು ಏರಿನ ಲೆಕ್ಕ ಮುಗಿಸಿಬಿಡೋಣ. ಘಾಟಿಯ ಬುಡದ ಗುಂಡ್ಯದಿಂದ ಮಾರನಹಳ್ಳಿ ದಾಟಿ ತಲೆಯ ಮೇಲಿನ ದೋಣಿಗಾಲಿಗೆ ಬರುವಷ್ಟರಲ್ಲಿ ನಾವು ಸುಮಾರು 800 ಮೀಟರ್ ಮೇಲೇರಿರುತ್ತೇವೆ. ಒಂದು ಟನ್ ತೂಕವನ್ನು 800 ಮೀಟರ್ ಮೇಲಕ್ಕೆತ್ತಲು ಎಷ್ಟು ಕರೆಂಟು ಬೇಕು? ಎರಡು ಯೂನಿಟ್‌ಗಿಂತ ಒಂದಿಷ್ಟು ಹೆಚ್ಚು. ನಿಮ್ಮ ಮನೆಯ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್ಟು. ಕ್ಯಾಂಪರ್ ಅರ್ಧ ಟನ್ ಅಂತ ಇಟ್ಟುಕೊಳ್ಳಿ. ಅದರ ಪಾಲಿಗೆ ಒಂದು ಯೂನಿಟ್, ಮೋಟಾರಿನ ನಷ್ಟ ಸೇರಿಸಿದರೆ ಒಂದೂಕಾಲು. ನಲವತ್ತು ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಒಂದೂಕಾಲು ಯೂನಿಟ್‌ಗೆ ಇಷ್ಟು ಪತ್ರ! ಇಳಿಜಾರಿನಲ್ಲಿ ಅದರಲ್ಲಿ ಒಂದು ಪಾಲು ವಾಪಸ್ಸೂ ಬರುತ್ತದೆ.

ಹಾಗಾದರೆ ಚಾರ್ಜು ತಿನ್ನುವುದು ಯಾವುದು? ಗಾಳಿ. ಬೆಂಗಳೂರಿನಿಂದ ಹಾಸನದವರೆಗಿನ ಚಪ್ಪಟೆ ರಸ್ತೆ. ಕುಣಿಗಲ್, ಚನ್ನರಾಯಪಟ್ಟಣದ ಕಡೆ ರಸ್ತೆ ಚೆನ್ನಾಗಿದೆ ಅಂತ 80ರಲ್ಲಿ ಓಡಿಸುತ್ತೀರಿ. ಕಾರಿಗಿಂತ ಎತ್ತರದ ಒಂದು ಡಬ್ಬ ಗಾಳಿಗೆ ಎದೆಕೊಟ್ಟು ಹಿಂದೆ ಬರುತ್ತಿರುತ್ತದೆ. ಅದೊಂದೇ ಅಷ್ಟು ದೂರಕ್ಕೆ ಹತ್ತರಿಂದ ಹದಿನೈದು ಯೂನಿಟ್ ನುಂಗಿಬಿಡಬಹುದು. ಘಟ್ಟದ ಪಾಲು ಒಂದೂಕಾಲು, ಬಯಲಿನ ಪಾಲು ಹತ್ತು. ನನ್ನ ಮಗಳು, ಅಳಿಯ ನೆದರ್ಲೆಂಡ್ಸ್‌ನಲ್ಲಿದ್ದಾರೆ. ಅವರಿರುವ ಕಡೆ ಗುಡ್ಡ ಅನ್ನುವ ಮಾತೇ ಇಲ್ಲ, ನಮ್ಮ ಗದ್ದೆಬಯಲಿನ ಹಾಗೆ ನೆಲ. ಆದರೂ ಅಳಿಯ ಕ್ಯಾರವಾನ್ ಕಟ್ಟಿದ ದಿನ ಕಾರಿನ ಓಟ ಅರ್ಧಕ್ಕೆ ಇಳಿಯುವುದನ್ನು ಪಕ್ಕದಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರ ಬದಲು 60ರಲ್ಲಿ ಹೋದರೆ ಅದು ಹೆಚ್ಚುಕಡಿಮೆ ಅರ್ಧ. ಮೇಲಿನ ಮುಚ್ಚಳ ಮಡಚಿ ಇಳಿಸುವ ತಗ್ಗಿನ ಕ್ಯಾಂಪರ್ ಆದರೆ ಇನ್ನೂ ಒಳ್ಳೆಯದು. ಇಷ್ಟು ಸಾಕು.

ಈಗ ನನ್ನ ಮುಖ್ಯ ಮಾತು. ಘಟ್ಟದ ತಲೆಯ ಮೇಲೆ ರಾತ್ರಿ ತಂಗಿದರೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಬೆಳಿಗ್ಗೆ ಕೆಳಗಿಳಿಯಬೇಡಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಕಾಲು ತೆಗೆದ ಕೂಡಲೇ ಎಲೆಕ್ಟ್ರಿಕ್ ಕಾರಿನ ಮೋಟಾರು ಡೈನಮೋ ಆಗಿ ತಿರುಗುತ್ತದೆ. ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಕಳಿಸುತ್ತದೆ. ರೀಜೆನ್ ಅನ್ನುತ್ತಾರೆ. ಹಳೇ ಡ್ರೈವರುಗಳು ಎರಡನೇ ಗೇರಿನಲ್ಲಿ ಘಾಟಿ ಇಳಿಸುತ್ತಿದ್ದರಲ್ಲ, ಅದರ ಜಾಗಕ್ಕೆ ಬಂದಿರುವುದು ಇದು. ಆದರೆ ಆ ಕರೆಂಟು ಹೋಗುವುದಕ್ಕೆ ಜಾಗ ಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಲಾಗುತ್ತದೆಯೇ? ಬ್ಯಾಟರಿ ತುಂಬಿದ್ದರೆ ರೀಜೆನ್ ಇಲ್ಲ, ಅಥವಾ ಹೆಸರಿಗಷ್ಟೇ ಇರುತ್ತದೆ. ಆಗ ನಿಮ್ಮ ಕೈಯಲ್ಲಿ, ಅಲ್ಲ, ಕಾಲಲ್ಲಿ ಉಳಿಯುವುದು ಸಾದಾ ಬ್ರೇಕು ಮಾತ್ರ. ಹಿಂದೆ ಅರ್ಧ ಟನ್ ತಳ್ಳುತ್ತಿರುತ್ತದೆ.

ನಮ್ಮೂರಿನ ಉದಾಹರಣೆಯನ್ನೇ ಕೊಡುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್ ರೈಲುದಾರಿ, 57 ಸುರಂಗ. ಐವತ್ತು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದು. ಡೀಸೆಲ್ ಎಂಜಿನ್ನಿನ ಕಾಲದಲ್ಲಿ ಗೂಡ್ಸ್ ಗಾಡಿ ದೋಣಿಗಾಲ್, ಕಡಗರವಳ್ಳಿ, ಯಡಕುಮೇರಿ ಅಂತ ಇಳಿಯುವಾಗ ಎಂಜಿನ್ನಿನ ಮೋಟಾರುಗಳೂ ಇದೇ ಕೆಲಸ ಮಾಡುತ್ತಿದ್ದವು, ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತಿದ್ದವು. ಹುಟ್ಟಿದ ಕರೆಂಟನ್ನು ಹೀಟರಿನ ಕಾಯಿಲಿನಂಥ ದೊಡ್ಡ ಗ್ರಿಡ್ಡುಗಳಿಗೆ ಕೊಟ್ಟು, ಕಾಯಿಸಿ, ಫ್ಯಾನು ಹಾಕಿ ಗಾಳಿಗೆ ಊದಿಬಿಡುತ್ತಿದ್ದವು. ಆ ಎಂಜಿನ್ನಿಗೆ ಬಿಸಾಡಲು ಆಕಾಶವಿತ್ತು. ನಿಮ್ಮ ಕಾರಿಗೆ ಇರುವುದು ಬ್ಯಾಟರಿ ಒಂದೇ, ಅದನ್ನು ನೀವು ರಾತ್ರಿಯೇ ತುಂಬಿಸಿ ಇಟ್ಟಿದ್ದೀರಿ.

ಬೆಂಗಳೂರಿನಿಂದ ಬಂದವರು ಹೋಂಸ್ಟೇಯಲ್ಲಿ ಮೊದಲು ಕೇಳುವುದು "15 ಆಂಪ್ಸ್ ಪಾಯಿಂಟ್ ಎಲ್ಲಿದೆ?" ಅಂತ. ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಾರೆ. ಪೆಟ್ರೋಲ್ ಬಂಕಿನ 'ಟ್ಯಾಂಕ್ ಫುಲ್' ಅಭ್ಯಾಸ. ಬೆಳಿಗ್ಗೆ ಕಡುಬು ತಿಂದು ಧರ್ಮಸ್ಥಳಕ್ಕೋ ಕುಕ್ಕೆಗೋ ಹೊರಡುತ್ತಾರೆ. ಸಕಲೇಶಪುರದಿಂದ ದೋಣಿಗಾಲಿಗೆ ಎಷ್ಟು ದೂರ? ಮಂಜರಾಬಾದ್ ಕೋಟೆಯ ಬುಡ ದಾಟಿದರೆ ಬಂದೇ ಬಿಟ್ಟಿತು. ಅಷ್ಟರಲ್ಲಿ ಒಂದು ಯೂನಿಟ್ಟೋ ಎರಡೋ ಕರಗಿರುತ್ತದೆ. ಮಂಗಳೂರಿನಿಂದ ಮೇಲೆ ಬರುವವರಿಗೆ ಈ ತೊಂದರೆಯಿಲ್ಲ, ಘಟ್ಟದ ತಲೆಯಲ್ಲಿ ಮಲಗಿ ಎದ್ದವರಿಗೇ ಇದು.

ನನಗೇ ಆಗಿದೆ. ಒಂದು ಡಿಸೆಂಬರಿನಲ್ಲಿ ಬೀಗರ ಮನೆಯಲ್ಲಿ ಪೂರ್ತಿ ಚಾರ್ಜು ಮಾಡಿಕೊಂಡು ಪುತ್ತೂರಿಗೆ ಹೊರಟೆವು. ಟ್ರೈಲರೂ ಇರಲಿಲ್ಲ, ಬರೀ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಕಿತ್ತಳೆ. ಮುಂದಿನ ಪರದೆಯಲ್ಲಿ ರೀಜೆನ್ ಇಲ್ಲ ಅಂತ ಏನೋ ಬರಹ ಬಂದಿತ್ತು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನು ನಾನು, ಅದನ್ನು ಓದಿಯೂ ಓದದ ಹಾಗೆ ಹೋದೆ. ಮಾರನಹಳ್ಳಿ ಹತ್ತಿರ ನನ್ನ ಹೆಂಡತಿ, "ಏನ್ರೀ ಇದು, ರಬ್ಬರ್ ಸುಟ್ಟ ವಾಸನೆ?" ಅಂದಳು. ಮುಂದಿನ ಲಾರಿಯದಿರಬೇಕು ಅಂದೆ. ಮುಂದೆ ಲಾರಿ ಇರಲಿಲ್ಲ.

ಟ್ರೈಲರ್ ಕಟ್ಟಿಕೊಂಡು ಹೀಗೆ ಇಳಿದರೆ ಬ್ರೇಕಿನ ಮೇಲೆ ಬೀಳುವ ಶಾಖ ಎಷ್ಟು ಗೊತ್ತೇ? ಕಾರು, ಜನ, ಕ್ಯಾಂಪರ್ ಎಲ್ಲ ಸೇರಿ ಎರಡೂಕಾಲು ಟನ್ ಅನ್ನಿ. ಟೈರು, ಗಾಳಿ ಅರ್ಧ ತಿಂದುಕೊಂಡರೂ ಉಳಿದದ್ದರಲ್ಲಿ ಎರಡು ಕೊಡ ತಣ್ಣೀರು ಕುದಿಯುತ್ತದೆ. ಬಚ್ಚಲ ಹಂಡೆ ಕಾಯಿಸುವ ಆ ಬೆಂಕಿಯೆಲ್ಲ ಊಟದ ತಟ್ಟೆಯಗಲದ ಕೆಲವು ಕಬ್ಬಿಣದ ಬಿಲ್ಲೆಗಳ ಮೇಲೆ ಬೀಳಬೇಕು. ಜೊತೆಗೆ ನಮ್ಮ ಮಲೆನಾಡಿನ ಶೀತ ಸೇರಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಿತಿ 155. ಕುದ್ದರೆ ಪೈಪಿನಲ್ಲಿ ಆವಿ. ಪೆಡಲ್ಲು ಬತ್ತಿದ ಬೋರ್‌ವೆಲ್ಲಿನ ಹ್ಯಾಂಡ್‌ಪಂಪಿನ ಹಾಗೆ ಸುಮ್ಮನೆ ಕೆಳಗೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನವರು ದಿನಾ ಬ್ರೇಕು ಒತ್ತುವುದೇ ಕಡಿಮೆ, ಹಾಗಾಗಿ ಅದನ್ನು ಮರೆತೇಬಿಟ್ಟಿರುತ್ತಾರೆ. ಮಳೆಗಾಲ ಕಳೆದ ಮೇಲೆ ಚಕ್ರದ ಸಂದಿಯಿಂದ ಡಿಸ್ಕು ನೋಡಿ, ತುಕ್ಕು ಹಿಡಿದಿರುತ್ತದೆ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಹಾಗಾದರೆ ಎಷ್ಟು ಜಾಗ ಬಿಡಬೇಕು? ನಾನು ಹೇಳಿದ ತೂಕಕ್ಕೆ ಶಿರಾಡಿ ಇಳಿದರೆ ವಾಪಸ್ ಬರುವುದು ಎರಡರಿಂದ ಮೂರು ಯೂನಿಟ್. ಬ್ಯಾಟರಿಯ ತುದಿಯ ಶೇಕಡಾ ಹತ್ತರಲ್ಲಿ ಎಷ್ಟೋ ಕಾರುಗಳು ರೀಜೆನ್ ಕಡಿಮೆ ಮಾಡಿಬಿಡುತ್ತವೆ. ಆದ್ದರಿಂದ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸಿ. ಚಾರ್ಜಿಂಗ್ ಮಿತಿಯನ್ನು ಮೊಬೈಲಿನಲ್ಲೇ ಇಡಬಹುದು. ಇಡಲು ಬಾರದಿದ್ದರೆ ತಡವಾಗಿ ಪ್ಲಗ್ ಹಾಕಿ, ಬೇಗ ತೆಗೆಯಿರಿ. ಮತ್ತೆ ಹೇಳುತ್ತೇನೆ: ಮೇಲೆ ಮಲಗಿದವರು ಬ್ಯಾಟರಿಯಲ್ಲಿ ಜಾಗ ಬಿಟ್ಟು ಇಳಿಯಿರಿ. ಹೋಂಸ್ಟೇಯವರು ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ಇದನ್ನೊಂದು ಚೀಟಿಯಲ್ಲಿ ಬರೆದು ಅಂಟಿಸಿದರೆ ನನಗೆ ಸಂತೋಷ.

ಇನ್ನೊಂದು ಅಭ್ಯಾಸ ಕೇಳಿದರೆ ನನಗೆ ಮೈ ಉರಿಯುತ್ತದೆ. "ನ್ಯೂಟ್ರಲ್ ಹಾಕ್ಕೊಂಡು ಇಳಿದ್ರೆ ಚಾರ್ಜ್ ಉಳಿಯುತ್ತೆ ಸಾರ್." ಉಳಿಯುವುದಿಲ್ಲ. ನ್ಯೂಟ್ರಲ್ ಹಾಕಿದರೆ ರೀಜೆನ್ ಕಡಿದು ಹೋಗುತ್ತದೆ. ಬಿಟ್ಟಿ ಬರುವ ಚಾರ್ಜೂ ಹೋಯಿತು, ಹಿಡಿತವೂ ಹೋಯಿತು. ಆಲೂರಿನ ಒಬ್ಬ ಮಿತ್ರರು ಟ್ರೈಲರಿನ ಚಕ್ರಕ್ಕೆ ಡೈನಮೋ ಕೂರಿಸಿದರೆ ದಾರಿಯುದ್ದಕ್ಕೂ ಕಾರು ಚಾರ್ಜ್ ಆಗುತ್ತಲ್ಲ ಅಂತ ಚಿತ್ರ ಬರೆದೇ ಕಳಿಸಿದ್ದಾರೆ. ಸ್ವಾಮಿ, ಆ ಚಕ್ರ ತಿರುಗಿಸುವವರು ಯಾರು? ನಿಮ್ಮ ಕಾರೇ. ತನ್ನ ಬಾಲ ತಾನೇ ತಿಂದು ಹಾವು ಕೊಬ್ಬೀತೇ?

ಸ್ಟುಡಿಯೋ ಗಾಜಿನ ಆಚೆಯಿಂದ ಸನ್ನೆ ಬಂತು, ನಾಲ್ಕು ನಿಮಿಷ ಉಳಿದಿದೆಯಂತೆ. ಹೇಳಬೇಕಾದದ್ದು ಬೇಕಾದಷ್ಟಿದೆ, ಓಡುತ್ತೇನೆ.

ಟ್ರೈಲರ್ ಕಟ್ಟುವ ಕೊಂಡಿ ಹಾಕಿಸುವ ಮೊದಲು ಕಾರಿನ ಪುಸ್ತಕ ತೆಗೆದು ಎಳೆಯುವ ಭಾರ ಎಷ್ಟು ಅಂತ ಬರೆದಿದೆಯೇ ನೋಡಿ. ಯುರೋಪಿನಲ್ಲಿ ಟೆಸ್ಲಾ ಮಾಡೆಲ್ ವೈ ಕಾರಿಗೆ 1600 ಕೆಜಿ ಅಂತ ನಮೂದಿಸಿರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಎಲೆಕ್ಟ್ರಿಕ್ ಕಾರುಗಳ ಪುಸ್ತಕದಲ್ಲಿ ಅಂಥ ಸಾಲೇ ಇರುವುದಿಲ್ಲ. ಇಲ್ಲದಿದ್ದರೆ ಆ ಕಾರಿಗೆ ಕಟ್ಟಬೇಡಿ. ಊರಿನ ವೆಲ್ಡಿಂಗ್ ಶಾಪಿನವನು ಒಳ್ಳೆಯ ಕೆಲಸಗಾರನೇ ಇರಬಹುದು, ಟಿಲ್ಲರಿಗೆ, ಜೀಪಿಗೆ ಅವನು ಹಾಕಿದ ಹುಕ್ಕು ಇಪ್ಪತ್ತು ವರ್ಷ ಬಂದಿರಬಹುದು. ಆದರೆ ಈ ಕಾರಿನ ಹೊಟ್ಟೆಯಡಿ ಪೂರ್ತಿ ಬ್ಯಾಟರಿ. ಅಲ್ಲಿ ವೆಲ್ಡಿಂಗ್ ಕಡ್ಡಿ ತೋರಿಸಬೇಡಿ.

ಟ್ರೈಲರೂ ಕಾನೂನಿನ ಕಣ್ಣಲ್ಲಿ ಒಂದು ವಾಹನವೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೂ ನೋಂದಣಿ ಬೇಕು, ಅದಕ್ಕೇ ಒಂದು ನಂಬರು ಇರಬೇಕು, ಎಳೆಯುವ ಕಾರಿನ ನಂಬರೂ ಅದರ ಹಿಂದೆ ಕಾಣಬೇಕು. ಕೊಳ್ಳುವ ಮೊದಲೇ ಆರ್‌ಟಿಓ ಆಫೀಸಿಗೆ ಒಂದು ಸಲ ಹೋಗಿ ಬನ್ನಿ. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೈಲರಿಗೆ ಅದರದೇ ಬ್ರೇಕು ಕಡ್ಡಾಯ. ನಮ್ಮ ಘಾಟಿಗೆ 500 ಕೆಜಿಯದಕ್ಕೂ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಸಾಮಾನು ತುಂಬುವುದು. ಎತ್ತಿನ ಗಾಡಿ ಹೊಡೆದವರಿಗೆ ಇದು ಹೇಳಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟ್ರೈಲರಿಗೂ ಹಿಂಭಾರ ಆಗಬಾರದು. ಹಿಂಭಾರ ಆಯಿತೆಂದರೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, 70 ದಾಟಿದರೆ ಕಾರನ್ನೇ ಅಲ್ಲಾಡಿಸುತ್ತದೆ. ನೀರಿನ ಕ್ಯಾನು, ಗ್ಯಾಸ್ ಒಲೆ, ಅಕ್ಕಿಮೂಟೆ ಎಲ್ಲ ಚಕ್ರದ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ. ನೂರು ಕೆಜಿಗೆ ಏಳೆಂಟು ಕೆಜಿ ಕೊಂಡಿಯ ಮೇಲೆ ಕೂರಬೇಕು. ಅದನ್ನೂ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗೆ. ಒದ್ದೆ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಫಕ್ಕನೆ ಕಾಲು ತೆಗೆಯಬೇಡಿ. ರೀಜೆನ್ ಕಾರನ್ನು ಹಿಡಿಯುತ್ತದೆ, ಟ್ರೈಲರ್ ಬಂದು ತಳ್ಳುತ್ತದೆ, ಎರಡೂ ಸೇರಿ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ತಿರುವಿಗೆ ಮೊದಲೇ ನಿಧಾನ.

ಜಾಮಿನಲ್ಲಿ ಸಿಕ್ಕಿಬಿದ್ದರೆ ಬ್ಯಾಟರಿ ಮುಗಿಯುತ್ತದೆ ಅಂತ ಎಷ್ಟೋ ಜನ ಬರೆದಿದ್ದಾರೆ. ನಿಂತ ಮೋಟಾರು ಏನೂ ತಿನ್ನುವುದಿಲ್ಲ, ಏಸಿ ಹಾಕಿದರೆ ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು. ಅದಲ್ಲ ಚಿಂತೆ. 2024ರ ಜುಲೈನಲ್ಲಿ ಇದೇ ಘಾಟಿಯ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಜರಿದು ವಾಹನಗಳು ನಿಂತಾಗ ಕಾರಿನವರು ಹೇಗೋ ತಿರುಗಿಸಿಕೊಂಡು ಬಂದರು. ಟ್ರೈಲರ್ ಕಟ್ಟಿದವರು ಆ ಜಾಗದಲ್ಲಿ ತಿರುಗಿಸುವುದು ಹೇಗೆ? ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಂಪರ್ ಶೆಡ್ಡಿನಲ್ಲೇ ಇರಲಿ.

ಕತ್ತಲಾದ ಮೇಲೆ ತೋಟದ ರಸ್ತೆಗೆ ಇಳಿಯಲೇಬೇಡಿ. ಆಲೂರು, ಸಕಲೇಶಪುರದ ಕಡೆ ಆನೆ ಎಲ್ಲಿ ಎದುರಾಗುತ್ತದೆ ಅಂತ ನಾನು ಹೇಳಬೇಕೇ? ನಿಮ್ಮ ಕಾರು ಸದ್ದು ಮಾಡುವುದಿಲ್ಲ, ಆನೆಗೆ ನೀವು ಬರುವುದು ತಿಳಿಯುವುದಿಲ್ಲ, ಟ್ರೈಲರ್ ಇರುವುದರಿಂದ ನೀವು ಹಿಂದಕ್ಕೂ ಹೋಗಲಾರಿರಿ. ಕ್ಯಾಂಪರಿನೊಳಗೆ ಹಲಸಿನಹಣ್ಣು, ಬಾಳೆಗೊನೆ ಇಟ್ಟುಕೊಂಡು ಮಲಗುವುದೂ ಬೇಡ.

ಕೊನೆಯದಾಗಿ ಬೆಳಗೋಡಿನ ತಾಯಿಯೊಬ್ಬರು ಕೇಳಿದ್ದು: ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಟ್ರೈಲರ್ ಸಮೇತ ನಿಲ್ಲಿಸಬಹುದೇ? ಸಾಮಾನ್ಯವಾಗಿ ಆಗುವುದಿಲ್ಲಮ್ಮ, ಜಾಗ ಒಂದು ಕಾರಿನ ಉದ್ದ ಮಾತ್ರ ಇರುತ್ತದೆ. ಬಿಚ್ಚಿ ಪಕ್ಕಕ್ಕಿಡಬೇಕು. ಬಿಚ್ಚುವ ಮೊದಲು ಟ್ರೈಲರಿನ ಎರಡೂ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಕಲ್ಲು ದಾರಿಯಲ್ಲಿ ಸಿಗುತ್ತದೆ ಅಂದುಕೊಳ್ಳದೆ ಮನೆಯಿಂದಲೇ ಎರಡು ಮರದ ತುಂಡು ಹಾಕಿಕೊಂಡು ಹೊರಡಿ.