ಸಾಣೆ ಹಿಡಿದ ಬುದ್ಧಿ

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋದಾಗ ಅಲ್ಲಿನ ತಮಿಳು ಶಾಸನಗಳತ್ತ ಒಮ್ಮೆ ಕಣ್ಣು ಹಾಯಿಸಿ. ಊರಿನ ಹೆಸರು ಅವುಗಳಲ್ಲಿ ತೊಂಬಲೂರು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟದಲ್ಲಿ ಅವುಗಳ ಪಾಠವಿದೆ. ಓದಲು ಬಾರದಿದ್ದರೂ ಚಿಂತೆಯಿಲ್ಲ, ಅಕ್ಷರದ ಗೆರೆಗಳನ್ನು ನೋಡಿ. ಗಟ್ಟಿ ಕಲ್ಲಿನ ಮುಂದೆ ಉಳಿಯ ಮೊನೆ ಬಹಳ ಹೊತ್ತು ನಿಲ್ಲುವುದಿಲ್ಲ. ಮೊಂಡಾದ ಉಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿಗದ್ದಿ, ಹದಕ್ಕೆ ತಂದು ಮತ್ತೆ ಕಲ್ಲಿಗೆ ಇಡಬೇಕು. ಹೀಗೆ ಎಷ್ಟು ಸಲ ಕುಲುಮೆ ಕಂಡ ಉಳಿಗಳೋ ಆ ಸಾಲುಗಳನ್ನು ಬರೆದದ್ದು!

ಇದೇ ದೊಮ್ಮಲೂರಿನ ಆಫೀಸುಗಳಲ್ಲಿ ಇಂದು ಜಾಣರನ್ನು ಹೊಗಳುವಾಗ ‘ಬಿಸಿನೆಸ್ ಆಕ್ಯುಮೆನ್ ಇದೆ’ ಎನ್ನುತ್ತಾರೆ. ಆಕ್ಯುಮೆನ್ ಲ್ಯಾಟಿನ್ನಿನಿಂದ ಬಂದ ಪದ. ಅಲ್ಲಿ ‘ಅಕ್ಯುಎರೆ’ ಎಂದರೆ ಮಸೆಯುವುದು. ಸೂಜಿಗೆ ‘ಅಕುಸ್’ ಎಂಬ ಹೆಸರು ಬಂದದ್ದೂ ಅದೇ ಬುಡದಿಂದ. ಮಸೆದು ಮಾಡಿದ ಮೊನೆಯೇ ಆಕ್ಯುಮೆನ್.

ನಾವು ಕುಶಾಗ್ರಮತಿ ಎನ್ನುತ್ತೇವೆ. ಕುಶ ಎಂದರೆ ದರ್ಭೆ. ದರ್ಭೆಯ ತುದಿ ಹುಟ್ಟುತ್ತಲೇ ಚೂಪು, ಅದನ್ನು ಯಾರೂ ಮಸೆಯಬೇಕಾಗಿಲ್ಲ. ನನಗೆ ನಿಶಿತಮತಿ ಎಂಬ ಮಾತೇ ಹೆಚ್ಚು ಹಿತ. ನಿಶಿತ ಎಂದರೆ ಸಾಣೆ ಹಿಡಿದದ್ದು. ಒಂದನೇ ತರಗತಿಯ ಮಗುವಿಗೇ ‘ಇದು ಜಾಣ, ಇದು ದಡ್ಡ’ ಎಂದು ಮುದ್ರೆ ಒತ್ತುವುದನ್ನು ಕಂಡಾಗ ಸಂಕಟವಾಗುತ್ತದೆ. ಇನ್ನೂ ಸಾಣೆಯನ್ನೇ ಕಾಣದ ಬುದ್ಧಿಗೆ ಇದೆಂಥ ತೀರ್ಪು? ಆ ಒಂದು ಮಾತನ್ನು ನಂಬಿ ಪುಸ್ತಕದಿಂದ ದೂರ ಸರಿದ ಮಕ್ಕಳು ನಮ್ಮ ನಡುವೆ ಎಷ್ಟಿಲ್ಲ!

ಬುದ್ಧಿ ತೀಕ್ಷ್ಣವಾಗಿದೆ ಎಂದೂ ಹೇಳುತ್ತೇವಲ್ಲ, ಆ ಪದದ ಕಥೆ ಇನ್ನೂ ಸೊಗಸು. ಅದರ ಧಾತು ‘ತಿಜ್’. ಧಾತುಪಾಠದಲ್ಲಿ ಇದಕ್ಕೆ ಹರಿತಗೊಳಿಸು ಎಂಬ ಅರ್ಥವಿದೆ. ತೇಜಸ್ಸು ಹುಟ್ಟಿದ್ದು ಇದರಿಂದಲೇ. ತಿತಿಕ್ಷೆ ಹುಟ್ಟಿದ್ದೂ ಇದರಿಂದಲೇ. ತಿತಿಕ್ಷೆ ಎಂದರೆ ತಾಳ್ಮೆ, ಚಳಿ-ಬಿಸಿಲುಗಳನ್ನು, ಸುಖ-ದುಃಖಗಳನ್ನು ಗೊಣಗದೆ ಸಹಿಸುವ ಶಕ್ತಿ. ಮಸೆಯುವ ಧಾತು ತಾಳುವ ಅರ್ಥವನ್ನು ಪಡೆಯುವುದನ್ನು ಪಾಣಿನಿಯ ವ್ಯಾಕರಣವೇ ಗುರುತಿಸಿದೆ. ಹರಿತವಾಗಬೇಕಾದ ಅಲಗು ಕಲ್ಲಿನ ಉಜ್ಜನ್ನು ತಾಳಲೇಬೇಕಲ್ಲವೇ?

ವೇದಾಂತವನ್ನು ಕಲಿಯಬರುವ ಶಿಷ್ಯನಲ್ಲಿ ಆರು ಸಂಪತ್ತುಗಳಿರಬೇಕೆಂದು ನಮ್ಮ ಹಿರಿಯರು ಎಣಿಸಿಟ್ಟಿದ್ದಾರೆ: ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ. ಜಾಣತನವನ್ನು ಆ ಆರರಲ್ಲಿ ಸೇರಿಸಿಲ್ಲ, ತಿತಿಕ್ಷೆಯನ್ನು ಸೇರಿಸಿದ್ದಾರೆ.