ಹಾಡು ಕಟ್ಟಿದವನಿಗೂ ವಕೀಲ ಬೇಕು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಚೇರಿಗೆ ಜನ ಬರುವುದು ಬೋನಸ್ಸಿನ ತಕರಾರಿಗೆ, ಪಿ.ಎಫ್. ಲೆಕ್ಕಕ್ಕೆ, ಪಾಳಿಯ ಜಗಳಕ್ಕೆ. ಹಾಡಿನ ತಕರಾರು ಹೊತ್ತುಕೊಂಡು ಇದುವರೆಗೆ ಯಾರೂ ಬಂದಿರಲಿಲ್ಲ. ಈ ಸಲ ಒಂದೇ ವಾರದಲ್ಲಿ ಇಬ್ಬರು ಬಂದರು. ಅವರ ಹೆಸರು ಹೇಳುವುದು ಬೇಡ. ಇಬ್ಬರೂ ಈ ಸಭೆಯಲ್ಲೇ ಕುಳಿತಿದ್ದಾರೆ.

ಒಬ್ಬರು ನೂಲಿನ ಖಾತೆಯ ಹಳೆಯ ಕೆಲಸಗಾರರು. ಪಾಳಿ ಮುಗಿಸಿ ಮನೆಗೆ ಹೋಗಿ ಪದ ಕಟ್ಟುವವರು. 1998ರಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಅವರ ಎಂಟು ಪದಗಳನ್ನು ಹಾಡಿಸಿ ಮುದ್ರಿಸಿಕೊಂಡು, ಎರಡು ಸಾವಿರ ರೂಪಾಯಿ ಕೈಗಿಟ್ಟು, ಒಂದು ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಹೋದರು. ಕ್ಯಾಸೆಟ್ಟಿನ ಕಾಲ ಹೋಯಿತು, ಪದಗಳು ಉಳಿದವು. ಈಗ ಅವು ಯೂಟ್ಯೂಬಿನಲ್ಲಿ ಓಡುತ್ತಿವೆ, ಆದರೆ ಬರೆದವರ ಜಾಗದಲ್ಲಿ ಬೇರೆ ಯಾರದೋ ಹೆಸರಿದೆ. ಅದನ್ನು ಅವರಿಗೆ ತೋರಿಸಿದ್ದು ಅವರ ಮೊಮ್ಮಗಳು.

ಇನ್ನೊಬ್ಬರು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವರು. ಗಿರಾಕಿಗಳಿಗೆ ಮೆಮೊರಿ ಕಾರ್ಡಿನಲ್ಲಿ ಹಾಡು ತುಂಬಿಕೊಡುತ್ತಿದ್ದರು. ದೂರದ ಊರಿನ ವಕೀಲರಿಂದ ಅವರ ಅಂಗಡಿಗೆ ನೋಟೀಸು ಬಂತು. ಹದಿನೈದು ದಿನದೊಳಗೆ ಐವತ್ತು ಸಾವಿರ ಕಟ್ಟಬೇಕು, ಇಲ್ಲವಾದರೆ ಪೊಲೀಸು, ಜೈಲು. ಹಾಡುಗಳ ಪಟ್ಟಿಯಲ್ಲಿ ನಮ್ಮ ಕೆಲಸಗಾರರ ಪದವೂ ಒಂದಿತ್ತು! ಸರಿ, ಅಂಗಡಿಯವರು ನೇರವಾಗಿ ಅವರ ಮೇಲೇ ಹರಿಹಾಯ್ದರು.

"ಅಣ್ಣಾರ, ನಿಮ್ಮ ಪದದ ಸಲುವಾಗಿ ನನ್ನ ಅಂಗಡಿ ಮುಚ್ಚೂ ಹಂಗಾತಲ್ರೀ."

"ತಮ್ಮಾ, ಆ ಪದದಿಂದ ನನಗ ಐದು ಪೈಸಾ ಬಂದಿಲ್ಲ. ನೋಟೀಸು ನಾ ಯಾಕ ಕಳಸಲಿ?"

ನಾವು ಇಬ್ಬರಿಗೂ ಚಹಾ ತರಿಸಿ ಕೂರಿಸಿದೆವು. ಬರೆದವನಿಗೆ ಹಣವಿಲ್ಲ, ಮಾರಿದವನಿಗೆ ಬೆದರಿಕೆ, ನಡುವೆ ನಿಂತವನಿಗೆ ಲಾಭ. ಅವನ ಕಡೆ ವಕೀಲರಿದ್ದಾರೆ, ಇವರಿಬ್ಬರ ಕಡೆ ಯಾರೂ ಇಲ್ಲ. ಆ ಇಲ್ಲದ ವಕೀಲರನ್ನು ಎಲ್ಲಿಂದ ತರುವುದೆಂಬುದೇ ಈ ದಿನದ ನಮ್ಮ ಮಾತು.

ಫೀಸು ಕೊಡಲಾಗದವನಿಗೆ ವಕೀಲನನ್ನು ಒದಗಿಸುವುದು ಸರ್ಕಾರದ ದಾನವಲ್ಲ. ಸಂವಿಧಾನದಲ್ಲಿ 39ಎ ಎಂಬ ವಿಧಿ 1976ರಲ್ಲಿ ಸೇರಿತು. ಅದರ ಮೇಲೆ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಬಂತು. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಕಾಗದದಿಂದ ಊರಿಗೆ ಇಳಿಯಲು ಎಂಟು ವರ್ಷ! ಇರಲಿ. ಆ ಕಾಯಿದೆಯ 12ನೆಯ ಕಲಮಿನಲ್ಲಿ ಯಾರಿಗೆ ಉಚಿತ ವಕೀಲರು ಸಿಗಬೇಕೆಂಬ ಪಟ್ಟಿ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು, ನೆರೆ ಬರಗಾಲಗಳಿಗೆ ಸಿಕ್ಕವರು. ಅದೇ ಸಾಲಿನಲ್ಲಿ ಇನ್ನೊಂದು ಮಾತಿದೆ: ಕೈಗಾರಿಕಾ ಕಾರ್ಮಿಕ. ಗಿರಣಿಯಲ್ಲಿ ದುಡಿಯುವವನಿಗೆ ಆದಾಯದ ಲೆಕ್ಕವನ್ನೇ ಕೇಳುವಂತಿಲ್ಲ. ಉಳಿದವರಿಗೆ ಮಾತ್ರ ರಾಜ್ಯ ಸರ್ಕಾರ ಗೊತ್ತು ಮಾಡಿದ ವಾರ್ಷಿಕ ಆದಾಯದ ಮಿತಿ. ಅದಕ್ಕೂ ಒಂದು ಪ್ರಮಾಣಪತ್ರ ಬರೆದುಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಈ ನೆರವು ಜೀವನಾಂಶಕ್ಕೆ, ಜಮೀನು ವ್ಯಾಜ್ಯಕ್ಕೆ, ಕೊಲೆ ಕೇಸಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಕಾಯಿದೆಯಲ್ಲಿ ಹಾಗಿಲ್ಲ. ದಾವೆ ಹೂಡಲು ಅಥವಾ ಎದುರಿಸಲು ಮೇಲುನೋಟಕ್ಕೆ ಕಾರಣವಿದ್ದರೆ ಸಾಕು. ಕೃತಿಸ್ವಾಮ್ಯವೂ, ಅಂದರೆ ಈ ಕಾಪಿರೈಟೂ, ಒಂದು ಆಸ್ತಿಯೇ. ಹೊಲಕ್ಕೆ ವಕೀಲರು ಸಿಗುವುದಾದರೆ ಹಾಡಿಗೂ ಸಿಗಬೇಕು.

ಈಗ ನಮ್ಮ ಕೆಲಸಗಾರರ ಕಾಗದಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನೌಕರಿಯ ಕೆಲಸವಾಗಿ ಬರೆದದ್ದರ ಮೊದಲ ಒಡೆತನ ಸಾಮಾನ್ಯವಾಗಿ ಮಾಲೀಕನದು. ಆದರೆ ಗಿರಣಿ ಇವರಿಗೆ ಸಂಬಳ ಕೊಟ್ಟದ್ದು ನೂಲಿಗೆ, ಪದಕ್ಕಲ್ಲ. ರಾತ್ರಿ ಚಿಮಣಿ ಬೆಳಕಿನಲ್ಲಿ ಬರೆದ ಪದ ಬರೆದವರದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಬರಹದಲ್ಲಿ ಎಷ್ಟು ವರ್ಷವೆಂದು ಹೇಳಿಲ್ಲದಿದ್ದರೆ ಕಾನೂನು ಐದೇ ವರ್ಷವೆಂದು ಎಣಿಸುತ್ತದೆ. ಇವರ ಪೆಟ್ಟಿಗೆಯ ತಳದಲ್ಲಿ ಆ ಹಾಳೆಯ ಕಾರ್ಬನ್ ಪ್ರತಿ ಸಿಕ್ಕಿತು. ಅದರಲ್ಲಿ ಎಂಟು ಪದಗಳ ಹೆಸರಿದೆ, ಹಣದ ಅಂಕಿ ಇದೆ, ಅವಧಿಯ ಮಾತೇ ಇಲ್ಲ! ಆ ಲೆಕ್ಕದಲ್ಲಿ 2003ಕ್ಕೆ ಪದಗಳ ಸಾಹಿತ್ಯ ಇವರಿಗೆ ಮರಳಿ ಬಂದಿದೆ. ಧ್ವನಿಮುದ್ರಣ ಕಂಪನಿಯದು, ಅದು ಬೇರೆ ಹಕ್ಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರೆದವನ ಹೆಸರು ಬರೆದವನದು ಎಂಬ ಹಕ್ಕು ಹಾಡನ್ನು ಮಾರಿದ ಮೇಲೂ ಹೋಗುವುದಿಲ್ಲ. 57ನೆಯ ಕಲಮು ಅದಕ್ಕಾಗಿಯೇ ಇದೆ.

"ನಾ ರಿಜಿಸ್ಟರ್ ಮಾಡಿಸಿಲ್ಲಲ್ರೀ" ಎಂದು ಅವರು ಮತ್ತೆ ಮತ್ತೆ ಕೇಳಿದರು. ನೋಂದಣಿ ಕಡ್ಡಾಯವಲ್ಲ. ಬರೆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಇದ್ದರೆ ಸಾಕ್ಷ್ಯಕ್ಕೆ ಬಲ, ಅಷ್ಟೆ. ಸಾಹಿತ್ಯ ಕೃತಿಯೊಂದಕ್ಕೆ ಐನೂರು ರೂಪಾಯಿ ಶುಲ್ಕವೆಂದು 2013ರ ನಿಯಮಗಳು ಇಟ್ಟಿವೆ. ಇನ್ನು ಮುಂಬಯಿಗೋ ದೆಹಲಿಗೋ ಹೋಗಿ ದಾವೆ ಹೂಡಬೇಕೆಂಬ ಹೆದರಿಕೆಯೂ ಬೇಡ. ಈ ಕಾಯಿದೆಯ 62ನೆಯ ಕಲಮಿನಂತೆ, ದಾವೆ ಹೂಡುವವನು ತಾನು ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಪ್ರತಿವಾದಿಯ ಊರಿಗೆ ಅಲೆಯಬೇಕಿಲ್ಲ. ಬಡ ಲೇಖಕನನ್ನು ಮನಸ್ಸಿನಲ್ಲಿಟ್ಟು ಬರೆದ ಕಲಮು ಅದು. ದೊಡ್ಡ ಕಂಪನಿಗಳು ಅದನ್ನೇ ತಿರುಗಿಸಿ, ಶಾಖೆಯಿದ್ದ ದೂರದ ಊರಿನಲ್ಲಿ ಚಿಕ್ಕವರ ಮೇಲೆ ದಾವೆ ಹೂಡತೊಡಗಿದವು. ಮುಖ್ಯ ಕಚೇರಿಯಿರುವ ಊರಿನಲ್ಲೇ ವ್ಯಾಜ್ಯದ ಕಾರಣವೂ ಹುಟ್ಟಿದ್ದರೆ ಅಲ್ಲೇ ಹೂಡಬೇಕು, ದೂರದ ಶಾಖೆಯ ಊರಿಗೆ ಎಳೆಯುವಂತಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟು ಸಂಜಯ್ ದಾಲಿಯಾ ಪ್ರಕರಣದಲ್ಲಿ ಹೇಳಬೇಕಾಯಿತು.

ಇಲ್ಲೊಂದು ಹಳೆಯ ಮಾತು ನೆನಪಾಗುತ್ತದೆ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿಗಳಾಗಿದ್ದವರು. ಬಡವರಿಗೆ ಕಾನೂನು ನೆರವು ಹೇಗಿರಬೇಕೆಂದು 1973ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. 1977ರಲ್ಲಿ ಸಿನಿಮಾ ಹಾಡುಗಳ ಹಕ್ಕಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಪೀಠದಲ್ಲಿ ಅವರೂ ಇದ್ದರು. ಹಣ ಕೊಟ್ಟು ಬರೆಸಿದ ನಿರ್ಮಾಪಕನೇ ಒಡೆಯನೆಂದು ತೀರ್ಪಾಯಿತು. ಕೃಷ್ಣ ಅಯ್ಯರ್ ತೀರ್ಪಿಗೆ ಒಪ್ಪಿದರೂ, ಹಾಡುವವನಿಗೆ ನಮ್ಮ ಕಾಯಿದೆಯಲ್ಲಿ ಯಾವ ಹಕ್ಕೂ ಇಲ್ಲವಲ್ಲ ಎಂಬ ಕೊರಗನ್ನು ಬೇರೆಯಾಗಿ ಬರೆದಿಟ್ಟರು. ಹಾಡುಗಾರರಿಗೆ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಸಿನಿಮಾಕ್ಕೆ ಬರೆದ ಕವಿಗೂ ರಾಗ ಹಾಕಿದವನಿಗೂ ರಾಯಧನದಲ್ಲಿ ಸಮಪಾಲು ಬಂದದ್ದು 2012ರಲ್ಲಿ. ಮೂವತ್ತೈದು ವರ್ಷ ಹಿಡಿಯಿತು.

ಇನ್ನು ಅಂಗಡಿಯವರ ಸಂಗತಿ. ಇಲ್ಲಿ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ಇನ್ನೊಬ್ಬರ ಧ್ವನಿಮುದ್ರಣವನ್ನು ಕಾರ್ಡಿಗೆ ತುಂಬಿ ಹಣ ಪಡೆಯುವುದು ತಪ್ಪು. 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ಅದು ಜಾಮೀನಿಲ್ಲದ ಅಪರಾಧವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೋಟೀಸು ಬರೀ ಬೆದರಿಕೆ ಎಂದು ಹರಿದು ಎಸೆಯಬೇಡಿ. ಅಂಗಡಿಯವರಿಗೂ ನಾವು ಹೇಳಿದ್ದು, ಮೊದಲು ಆ ಕೆಲಸ ನಿಲ್ಲಿಸಿ ಎಂದೇ. ಅವರು ನಿಲ್ಲಿಸಿದರು, ಮುಖ ಸಣ್ಣದು ಮಾಡಿಕೊಂಡೇ.

ಆದರೆ ನೋಟೀಸು ಕಳಿಸಿದವನು ಯಾರು? ಯಾವ ಹಾಡಿನ ಮೇಲೆ ಅವನಿಗೆ ಯಾವ ಹಕ್ಕು? ಐವತ್ತು ಸಾವಿರ ಯಾವ ಲೆಕ್ಕ? ಇದನ್ನು ಕೇಳುವ ಅಧಿಕಾರ ಅಂಗಡಿಯವನಿಗೆ ಇದೆ. ಹುರುಳಿಲ್ಲದೆ ದಾವೆಯ ಬೆದರಿಕೆ ಹಾಕಿದವನ ಮೇಲೆ ತಿರುಗಿ ದಾವೆ ಹೂಡಲು 60ನೆಯ ಕಲಮು ಅವಕಾಶ ಕೊಡುತ್ತದೆ. ಬ್ಯಾಂಡಿನವರೂ ಒಂದು ಮಾತು ನೆನಪಿಡಬೇಕು. ಮದುವೆಯ ದಿಬ್ಬಣದಲ್ಲಿ, ಮದುವೆಗೆ ಸೇರಿದ ಸಮಾರಂಭದಲ್ಲಿ ಹಾಡು ನುಡಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಕಾಯಿದೆಯಲ್ಲೇ ಇದೆ. ಇದು ತಿಳಿಯದೆ ಹಣ ತೆತ್ತವರನ್ನು ನಾವು ಕಂಡಿದ್ದೇವೆ.

ಅಂಗಡಿಯವರು ಕೈಗಾರಿಕಾ ಕಾರ್ಮಿಕರಲ್ಲ, ಆದಾಯದ ಮಿತಿಯನ್ನೂ ಸ್ವಲ್ಪ ದಾಟುತ್ತಾರೆ. ಹಾಗಾದರೆ ದಾರಿ ಯಾವುದು? ನೋಟೀಸನ್ನು ಮತ್ತೊಮ್ಮೆ ಓದಿ ನೋಡಿದೆವು. ಅಂಗಡಿಯ ಪರವಾನಗಿ ಅವರ ಹೆಂಡತಿಯ ಹೆಸರಿನಲ್ಲಿ, ನೋಟೀಸೂ ಆ ತಾಯಿಯ ಹೆಸರಿಗೇ! ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಸಾಲಕ್ಕಾಗಿ ಹೆಂಡತಿಯ ಹೆಸರು ಹಾಕಿದ್ದು ಹೀಗೆ ನೆರವಾಯಿತು. ಅರ್ಜಿಗೆ ಸಹಿ ಹಾಕಲು ಬಂದ ಆಕೆ ನೋಟೀಸಿನ ಸಂಗತಿ ಕೇಳಿದ್ದು ಅಂದೇ ಮೊದಲಂತೆ. ಗಂಡನಿಗೆ ಅಲ್ಲೇ ನಾಲ್ಕು ಮಾತು ಆಡಿದರು. ಅದನ್ನು ನಾವು ವರದಿ ಮಾಡುವುದಿಲ್ಲ.

ಚಿಕ್ಕ ಅಂಗಡಿ ದೊಡ್ಡವರ ಎದುರು ನಿಲ್ಲಲಾರದು ಎನ್ನುವವರು ದೆಹಲಿಯ ಕಥೆ ಕೇಳಬೇಕು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿ. ವಿದ್ಯಾರ್ಥಿಗಳಿಗೆ ಪಾಠದ ಭಾಗಗಳನ್ನು ಒಟ್ಟುಮಾಡಿ ನಕಲು ತೆಗೆದುಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ಅಂಗಡಿ ಒಂಟಿಯಾಗಿದ್ದರೆ ಸೋತು ಹಣ ಕಟ್ಟುತ್ತಿತ್ತೇನೋ. ಆದರೆ ವಿದ್ಯಾರ್ಥಿಗಳು ಒಂದು ಸಂಘ, ಅಧ್ಯಾಪಕರು ಇನ್ನೊಂದು ಸಂಘ ಕಟ್ಟಿಕೊಂಡು, ನಮ್ಮನ್ನೂ ಪಕ್ಷಗಾರರನ್ನಾಗಿ ಸೇರಿಸಿ ಎಂದು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ದೆಹಲಿ ಹೈಕೋರ್ಟು ಮೊದಲು ದಾವೆಯನ್ನೇ ವಜಾ ಮಾಡಿತು. ಮೇಲ್ಮನವಿಯಲ್ಲಿ ಕೆಲವು ಪ್ರಶ್ನೆ ಮಾತ್ರ ವಿಚಾರಣೆಗೆ ಉಳಿದವು. ಪಾಠಕ್ಕೆ ಬೇಕಾದಷ್ಟು ನಕಲು ಮಾಡುವುದು ತಪ್ಪಲ್ಲ ಎಂಬ ತತ್ವ ನಿಂತಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ದಾವೆ ಹಿಂದಕ್ಕೆ ಪಡೆದರು. ಹಾಗೆಂದು ನಮ್ಮ ಊರಿನ ಜೆರಾಕ್ಸ್‌ನವರು ಕನ್ನಡದ ಲೇಖಕನ ಇಡೀ ಪುಸ್ತಕವನ್ನು ನಕಲು ತೆಗೆದು ಮಾರಿದರೆ ನಾವು ಬೆನ್ನಿಗೆ ನಿಲ್ಲುವುದಿಲ್ಲ. ಅದು ಬಡವನ ಜೇಬಿಗೆ ಬಡವನೇ ಕೈಹಾಕಿದಂತೆ.

ಅರ್ಜಿ ಹಾಕುವುದು ಕಷ್ಟವಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅವರೇ ಬರೆದುಕೊಳ್ಳಬೇಕು. ಅರ್ಜಿ ಒಪ್ಪಿದರೆ ವಕೀಲರ ಫೀಸು, ಕೋರ್ಟು ಫೀಸು, ಸಮನ್ಸಿನ ಖರ್ಚು ಎಲ್ಲ ಪ್ರಾಧಿಕಾರದ್ದು. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು.

ಕೊರತೆಯನ್ನೂ ಹೇಳಿಬಿಡೋಣ. ಪಟ್ಟಿಯಲ್ಲಿರುವ ವಕೀಲರಲ್ಲಿ ಕೃತಿಸ್ವಾಮ್ಯದ ಕೇಸು ನಡೆಸಿದವರು ಕಡಿಮೆ. ನಮ್ಮ ಕೆಲಸಗಾರರಿಗೆ ಗೊತ್ತುಮಾಡಿದ ಮೊದಲ ವಕೀಲರು ಕಾಗದ ನೋಡಿ, "ಇದು ಬೆಂಗಳೂರಿನ ಕೇಸು" ಎಂದು ಕೈಚೆಲ್ಲಿದರು. ನಾವು ಬಿಡಲಿಲ್ಲ. ವಕೀಲರನ್ನು ಬದಲಿಸಿಕೊಡಿ ಎಂದು ಕಾರ್ಯದರ್ಶಿಯವರಿಗೆ ಮತ್ತೊಂದು ಅರ್ಜಿ ಬರೆದೆವು. ಈಗ ಬಂದಿರುವ ವಕೀಲ ತಾಯಿ ಕಿರಿಯರು. ಕಾಯಿದೆಯನ್ನು ನಮ್ಮ ಎದುರಿನಲ್ಲೇ ತೆರೆದು ಓದಿದರು. "ನನಗೂ ಇದು ಹೊಸದು, ಆದರೆ ಓದುತ್ತೇನೆ" ಎಂದರು. ನಮಗೆ ಅಷ್ಟು ಸಾಕು.

ಲೋಕ ಅದಾಲತ್ತಿನಲ್ಲಿ ರಾಜಿಯ ಮಾತೂ ಬರಬಹುದು. ಅಲ್ಲಿ ಫೀಸಿಲ್ಲ, ಬೇಗ ಮುಗಿಯುತ್ತದೆ. ಆದರೆ ಅಲ್ಲಿಯ ಐತೀರ್ಪಿನ ಮೇಲೆ ಅಪೀಲಿಲ್ಲ. 1998ರಲ್ಲಿ ಓದದೆ ಸಹಿ ಹಾಕಿದವರು ಈ ಸಲ ಓದಿಸಿಕೊಂಡು ಹಾಕಲಿ.

ಸದ್ಯಕ್ಕೆ ಎರಡು ಕಾಗದ ಹೊರಟಿವೆ. ಪದದಿಂದ ಬಂದ ಹಣದ ಲೆಕ್ಕ ಕೊಡಿ, ಬರೆದವರ ಹೆಸರು ಹಾಕಿ ಎಂದು ಕಂಪನಿಗೆ ಒಂದು. ನಿಮ್ಮ ಹಕ್ಕಿನ ದಾಖಲೆ ತೋರಿಸಿ ಎಂದು ನೋಟೀಸಿನ ವಕೀಲರಿಗೆ ಇನ್ನೊಂದು. ಇದುವರೆಗೆ ಎರಡಕ್ಕೂ ಉತ್ತರ ಬಂದಿಲ್ಲ. ಬರದಿದ್ದರೆ ಮುಂದಿನ ತಿಂಗಳು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ. ಪದ ಕಟ್ಟಿದವರು ಯಾರೇ ಇರಲಿ, ನಿಮ್ಮ ಹಳೆಯ ಬರೆದ ಪುಸ್ತಕ, ಕರಾರಿನ ಕಾಗದ, ಕ್ಯಾಸೆಟ್ಟಿನ ಹೊದಿಕೆ ಇದ್ದರೆ ಭಾನುವಾರ ಬೆಳಿಗ್ಗೆ ಕಚೇರಿಗೆ ತನ್ನಿ. ಆ ವಕೀಲ ತಾಯಿ ಹತ್ತು ಗಂಟೆಗೆ ಬರುತ್ತಾರೆ.