ಆಕಾಂಕ್ಷೆಯ ಜ್ಞಾನಸ್ನಾನ

ರೋಮನ್ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಚರ್ಚೆಯನ್ನು ಈ ದಿನ ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಸಭೆಯನ್ನು ಸೇರದೆ, ಜ್ಞಾನಸ್ನಾನವನ್ನು ಪಡೆಯದೆ ಸತ್ತವರ ಗತಿಯೇನು ಎಂಬುದೇ ಆ ಚರ್ಚೆ. ಮೇಲುನೋಟಕ್ಕೆ ಇದು ಪಂಡಿತರು ತಮ್ಮ ತಮ್ಮಲ್ಲೇ ವಾದಿಸತಕ್ಕ ವಿಷಯದಂತೆ ಕಾಣಬಹುದು. ಆದರೆ ಇದರ ಚರಿತ್ರೆಯನ್ನು ನೋಡುತ್ತ ಹೋದರೆ ಮತ್ತೆ ಮತ್ತೆ ಎದುರಾಗುವವರು ತಮ್ಮವರನ್ನು ಕಳೆದುಕೊಂಡು ದುಃಖಿಸುತ್ತಿರುವ ಜನರೇ.

ಕ್ರೈಸ್ತನಾಗತಕ್ಕವನಿಗೆ ನೀರೆರೆದು, ಪಿತ, ಪುತ್ರ, ಪವಿತ್ರಾತ್ಮರ ನಾಮದಲ್ಲಿ ಅವನನ್ನು ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೆ ಜ್ಞಾನಸ್ನಾನವೆಂದು ಹೆಸರು, ದೀಕ್ಷಾಸ್ನಾನವೆಂದೂ ಕರೆಯುವುದುಂಟು. ರಕ್ಷಣೆಗೆ ಈ ಸಂಸ್ಕಾರವು ಅವಶ್ಯವೆಂಬುದಕ್ಕೆ, ಯೇಸುಸ್ವಾಮಿಯು ನಿಕೊದೇಮನಿಗೆ ಮಾಡಿದ ಉಪದೇಶವನ್ನು ಆಧಾರವಾಗಿ ಹೇಳುತ್ತಾರೆ. ಇದರ ಜೊತೆಗೆ ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಇನ್ನೊಂದು ಸೂತ್ರವೂ ಬಳಕೆಗೆ ಬಂತು. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ನರು ಕ್ರಿ. ಶ. ೨೫೬ರ ಸುಮಾರಿನಲ್ಲಿ ಬರೆದ ಒಂದು ಪತ್ರದಲ್ಲಿ ಈ ಭಾವವಿದೆ. ಆದರೆ ಅವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂಬುದನ್ನು ನಾವು ಮರೆಯಬಾರದು. ಸಭೆಯಿಂದ ಒಡೆದುಹೋಗಿ ಬೇರೆ ಪಂಗಡಗಳನ್ನು ಕಟ್ಟಿದವರ ವಿಷಯವಾಗಿ ಹುಟ್ಟಿದ ಮಾತು ಅದು. ಒಳಗನ್ನು ಬಲ್ಲವರಿಗೆ ಕೊಟ್ಟ ಎಚ್ಚರಿಕೆ. ಜ್ಞಾನಸ್ನಾನಕ್ಕೆ ಮೊದಲೇ ಮತಕ್ಕಾಗಿ ಪ್ರಾಣಕೊಟ್ಟ ದೀಕ್ಷಾರ್ಥಿಗಳಿಗೆ ಅವರ ರಕ್ತವೇ ಜ್ಞಾನಸ್ನಾನವಾಯಿತೆಂದು ಸಿಪ್ರಿಯನ್ನರು ಅದೇ ಪತ್ರದಲ್ಲಿ ಒಪ್ಪಿದ್ದಾರೆ. ೨೫೮ರಲ್ಲಿ ಅವರೂ ಮತಕ್ಕಾಗಿ ತಲೆಗೊಟ್ಟರು.

ಹಾಗಾದರೆ ರಕ್ತವನ್ನೂ ಸುರಿಸದೆ, ನೀರನ್ನೂ ಪಡೆಯದೆ ಸತ್ತವನ ಗತಿಯೇನು? ಈ ಪ್ರಶ್ನೆಯು ೩೯೨ರಲ್ಲಿ ಮಿಲಾನ್ ನಗರದಲ್ಲಿ ಬಂತು. ರೋಮನ್ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ನನಿಗೆ ಆಗ ಇಪ್ಪತ್ತೊಂದು ವಯಸ್ಸು. ಜ್ಞಾನಸ್ನಾನ ಮಾಡಿಸಲು ಬರಬೇಕೆಂದು ಅವನು ಮಿಲಾನಿನ ಬಿಷಪ್ ಆಂಬ್ರೋಸರಿಗೆ ಹೇಳಿಕಳುಹಿಸಿದ್ದನು. ಅವರು ತಲಪುವುದಕ್ಕೆ ಮೊದಲೇ ಗಾಲ್ ದೇಶದ ವಿಯೆನ್ ಪಟ್ಟಣದಲ್ಲಿ ಅವನ ಮರಣವಾಯಿತು. ಉತ್ತರಕ್ರಿಯೆಯ ಕಾಲದಲ್ಲಿ ಅವನ ಸೋದರಿಯರ ದೊಡ್ಡ ದುಃಖ ಇದೇ ಆಗಿತ್ತು. ಆಂಬ್ರೋಸರು ಅವರನ್ನು ಸಂತೈಸಿ, ನಿಮ್ಮ ಸೋದರನು ಬೇಡಿದ್ದನ್ನು ದೇವರು ಅವನಿಗೆ ಇಲ್ಲವೆನ್ನಲಿಲ್ಲ ಎಂಬರ್ಥದ ಮಾತನ್ನಾಡಿದರು. ಆಕಾಂಕ್ಷೆಯ ಜ್ಞಾನಸ್ನಾನವೆಂದು ಮುಂದೆ ಹೆಸರು ಪಡೆದ ಸಿದ್ಧಾಂತಕ್ಕೆ ಈ ಸಾಂತ್ವನವೇ ಒಂದು ಮುಖ್ಯ ಆಧಾರವಾಯಿತು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಇದಕ್ಕೆ ಹನ್ನೊಂದು ವರ್ಷ ಮೊದಲೇ, ೩೮೧ರಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಉಪದೇಶಮಾಡುತ್ತ ನಾಜಿಯಾಂಜಸ್ಸಿನ ಗ್ರೆಗೊರಿಯವರು, ಬಯಸಿದ್ದೂ ಪಡೆದದ್ದೂ ಒಂದೇ ಎಂಬ ವಾದವನ್ನು ತಳ್ಳಿಹಾಕಿದ್ದರು. ಪಾಪಗಳೆಲ್ಲ ಕೊನೆಗೊಮ್ಮೆ ತೊಳೆದುಹೋಗಲೆಂದು ಆ ಕಾಲದ ಜನ ಜ್ಞಾನಸ್ನಾನವನ್ನು ಮರಣಶಯ್ಯೆಯವರೆಗೂ ಮುಂದೂಡುತ್ತಿದ್ದರು. ಅಂಥವರಿಗೆ ಬಯಕೆಯೇ ಸಾಕೆಂದರೆ ಅದು ಸೋಮಾರಿತನಕ್ಕೆ ನೆವವಾಗುತ್ತಿತ್ತು. ಒಬ್ಬರು ದುಃಖಿತರಿಗೆ ಹೇಳಿದರು. ಇನ್ನೊಬ್ಬರು ಉದಾಸೀನರಿಗೆ ಹೇಳಿದರು. ಕೇಳುವವರಾರೆಂಬುದನ್ನು ಬಿಟ್ಟು ಮಾತನ್ನಷ್ಟೇ ಹಿಡಿದರೆ ಇಬ್ಬರಿಗೂ ಅನ್ಯಾಯಮಾಡಿದಂತಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಕ್ಲೆರ್ವೋ ಮಠದ ಬರ್ನಾರ್ಡರು ಆಂಬ್ರೋಸರ ಪಕ್ಷವನ್ನು ಹಿಡಿದರು. ಹದಿಮೂರನೆಯದರಲ್ಲಿ ತೋಮಸ್ ಅಕ್ವಿನಾಸರು ನೀರಿನದು, ರಕ್ತದ್ದು, ಆತ್ಮದ್ದು ಎಂದು ಜ್ಞಾನಸ್ನಾನವನ್ನು ಮೂರು ಬಗೆಯಾಗಿ ವಿಂಗಡಿಸಿ ವಿವರಿಸಿದರು. ೧೫೪೭ರಲ್ಲಿ ಟ್ರೆಂಟ್ ಮಹಾಸಭೆಯು, ಜ್ಞಾನಸ್ನಾನವಾಗಲಿ ಅದರ ಆಕಾಂಕ್ಷೆಯಾಗಲಿ ಇಲ್ಲದೆ ಮನುಷ್ಯನು ದೇವರ ಕೃಪಾಸ್ಥಿತಿಗೆ ಏರಲಾರನೆಂದು ನಿರ್ಣಯಿಸಿತು. ಆಕಾಂಕ್ಷೆ ಎಂಬ ಆ ಒಂದು ಪದದ ಮೇಲೆ ಮುಂದಿನ ವಾದವೆಲ್ಲ ನಿಂತಿತು.

ವ್ಯಾಲೆಂಟಿನಿಯನ್ನನಾದರೋ ಕ್ರಿಸ್ತನ ಹೆಸರನ್ನು ಬಲ್ಲವನು. ಆ ಹೆಸರನ್ನೇ ಕೇಳದವರ ಮಾತೇನು? ೧೪೪೨ರಲ್ಲಿ ಫ್ಲಾರೆನ್ಸ್ ಮಹಾಸಭೆಯು ಅನ್ಯಮತೀಯರೂ ಯೆಹೂದ್ಯರೂ ಸಾಯುವ ಮೊದಲು ಸಭೆಯನ್ನು ಸೇರದಿದ್ದರೆ ರಕ್ಷಣೆಯಿಲ್ಲವೆಂದು ಬಹು ಕಠಿಣವಾಗಿ ಸಾರಿತ್ತು. ಸುವಾರ್ತೆಯು ಲೋಕಕ್ಕೆಲ್ಲ ಮುಟ್ಟಿದೆಯೆಂದೇ ಅಂದಿನ ಯೂರೋಪಿನವರು ಸಾಮಾನ್ಯವಾಗಿ ಎಣಿಸಿದ್ದರು. ಐವತ್ತು ವರ್ಷಗಳ ತರುವಾಯ, ೧೪೯೨ರಲ್ಲಿ, ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದನು. ಕ್ರಿಸ್ತನ ಹೆಸರನ್ನೇ ಕೇಳದ ಜನಸಮುದಾಯಗಳು ಯೂರೋಪಿನವರ ಕಣ್ಣಿಗೆ ಬಿದ್ದವು. ಸ್ಪೇನಿನ ಸಲಮಾಂಕ ವಿಶ್ವವಿದ್ಯಾನಿಲಯದಲ್ಲಿ ಫ್ರಾನ್ಸಿಸ್ಕೊ ದ ವಿತೋರಿಯರು ೧೫೩೯ರಲ್ಲಿ ಉಪನ್ಯಾಸಮಾಡಿ, ಕೇಳದವರ ಮೇಲೆ ಅವಿಶ್ವಾಸದ ದೋಷವನ್ನು ಹೊರಿಸಲಾಗದೆಂದು ವಾದಿಸಿದರು.

ಇತ್ತ ಏಷ್ಯದಲ್ಲಿ ಇದೇ ಪ್ರಶ್ನೆಯನ್ನು ಜಪಾನಿನ ಜನರೇ ಎತ್ತಿದರು. ಫ್ರಾನ್ಸಿಸ್ ಕ್ಸೇವಿಯರರು ೧೫೪೯ರಲ್ಲಿ ಆ ದೇಶಕ್ಕೆ ಹೋಗಿ, ಯಾಮಗೂಚಿ ಮೊದಲಾದ ಊರುಗಳಲ್ಲಿ ಬೋಧಿಸಿದರು. ಹಿಂದಿರುಗಿ ಬಂದು ೧೫೫೨ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವರು ತಿಳಿಸುವ ಸಂಗತಿಯೊಂದಿದೆ. ಹೊಸದಾಗಿ ಕ್ರೈಸ್ತರಾದವರು, ಸತ್ತುಹೋದ ನಮ್ಮ ತಂದೆತಾಯಿಗಳಿಗೆ ಪ್ರಾರ್ಥನೆಯಿಂದಲೋ ದಾನದಿಂದಲೋ ಏನಾದರೂ ಒಳಿತಾಗುವುದೆ ಎಂದು ಕೇಳಿದರಂತೆ. ಇಲ್ಲವೆಂದು ಕ್ಸೇವಿಯರರು ಹೇಳಿದಾಗ ಆ ಜನ ಅತ್ತರಂತೆ. ಅವರ ಅಳಲನ್ನು ಕಂಡು ತಮಗೂ ನೋವಾಯಿತೆಂದು ಕ್ಸೇವಿಯರರು ಬಚ್ಚಿಡದೆ ಬರೆದಿದ್ದಾರೆ. ಹಿರಿಯರ ಋಣವನ್ನು ನೆನೆಯುವವರಾರಿಗೂ ಆ ಕಣ್ಣೀರು ಅರ್ಥವಾಗದೆ ಇರದು.

ಮುಂದೆ ೧೮೬೩ರಲ್ಲಿ ಪೋಪ್ ಒಂಬತ್ತನೆಯ ಪಿಯುಸರು, ತಮ್ಮ ತಪ್ಪಿಲ್ಲದೆ ನಿಜಧರ್ಮವನ್ನು ಅರಿಯದೆ, ಆದರೆ ಹೃದಯದಲ್ಲಿ ಬರೆದಿರುವ ಧರ್ಮಕ್ಕೆ ವಿಧೇಯರಾಗಿ ನಡೆಯುವವರು ದೇವರ ಕೃಪೆಯಿಂದ ನಿತ್ಯಜೀವವನ್ನು ಪಡೆಯಬಲ್ಲರೆಂದು ತಿಳಿಸಿದರು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಸೂತ್ರವನ್ನೂ ಅದೇ ಪತ್ರದಲ್ಲಿ ಎತ್ತಿಹಿಡಿದರು.

ಈ ಎರಡನ್ನೂ ಒಟ್ಟಿಗೆ ಹೇಗೆ ಹಿಡಿಯುವುದೆಂಬ ತೊಡಕು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಬಾಸ್ಟನ್ ಪ್ರಾಂತದಲ್ಲಿ ಬಹಿರಂಗ ಕಲಹವಾಯಿತು. ಲೆನರ್ಡ್ ಫೀನಿಯವರು ಯೇಸುಸಭೆಯ ಪಾದ್ರಿಗಳು; ಕವಿಗಳೂ ಪ್ರಬಂಧಕಾರರೂ ಆಗಿ ಹೆಸರಾದವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬಳಿಯಲ್ಲಿದ್ದ ಸಂತ ಬೆನೆಡಿಕ್ಟ್ ಕೇಂದ್ರದಲ್ಲಿ ಅವರ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ನೆರೆಯುತ್ತಿದ್ದರು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬುದನ್ನು ಅಕ್ಷರಶಃ ಗ್ರಹಿಸಬೇಕೆಂದು ಅವರು ಬೋಧಿಸಿದರು. ಅವರ ಪಕ್ಷದ ಕೆಲವು ಅಧ್ಯಾಪಕರು ೧೯೪೯ರ ಏಪ್ರಿಲಿನಲ್ಲಿ ಬಾಸ್ಟನ್ ಕಾಲೇಜಿನ ಕೆಲಸವನ್ನು ಕಳೆದುಕೊಂಡರು. ಆರ್ಚ್‌ಬಿಷಪ್ ಕಷಿಂಗರು ಫೀನಿಯವರ ಅಧಿಕಾರಗಳನ್ನು ತಡೆಹಿಡಿದರು. ಅದೇ ವರ್ಷ ಆಗಸ್ಟ್ ೮ರಂದು, ಆಗ ಪವಿತ್ರ ಕಾರ್ಯಾಲಯವೆಂದು ಕರೆಯುತ್ತಿದ್ದ ರೋಮಿನ ಇಲಾಖೆಯು ಕಷಿಂಗರಿಗೆ ಪತ್ರ ಬರೆಯಿತು. ಸೂತ್ರವು ಸತ್ಯವೇ, ಆದರೆ ಅದನ್ನು ಸಭೆಯು ಅರ್ಥಮಾಡುವಂತೆಯೇ ಅರ್ಥಮಾಡಬೇಕು, ಅರಿಯದವನಲ್ಲಿ ದೇವರ ಚಿತ್ತದಂತೆ ನಡೆಯಬೇಕೆಂಬ ಮನೋಭಾವವಿದ್ದರೆ, ಅದರಲ್ಲಿ ಅಡಗಿರುವ ಆಕಾಂಕ್ಷೆಯನ್ನೂ ದೇವರು ಅಂಗೀಕರಿಸುತ್ತಾನೆ ಎಂಬುದು ಅದರ ತಾತ್ಪರ್ಯ. ಆದರೆ ಯಾವುದೋ ಒಂದು ಬಯಕೆಯಾದರೂ ಸಾಕೆಂದು ಪತ್ರವು ಹೇಳಲಿಲ್ಲ. ಆ ಆಕಾಂಕ್ಷೆಯು ಪೂರ್ಣವಾದ ಪ್ರೇಮದಿಂದಲೂ ದೈವದತ್ತವಾದ ವಿಶ್ವಾಸದಿಂದಲೂ ಕೂಡಿರಬೇಕೆಂದಿತು.

ಫೀನಿಯವರು ಮಣಿಯಲಿಲ್ಲ. ರೋಮಿಗೆ ಬರಬೇಕೆಂಬ ಕರೆಯನ್ನು ಪಾಲಿಸದುದರಿಂದ ಅವಿಧೇಯತೆಯ ಕಾರಣಕ್ಕೆ ೧೯೫೩ರ ಫೆಬ್ರವರಿಯಲ್ಲಿ ಅವರಿಗೆ ಬಹಿಷ್ಕಾರವಾಯಿತು. ಸಭೆಯ ಹೊರಗೆ ಯಾರಿಗೂ ರಕ್ಷಣೆಯಿಲ್ಲವೆಂದು ಸಾರಿದವರೇ ಸಭೆಯಿಂದ ಹೊರಗಾದರು. ೧೯೭೨ರಲ್ಲಿ ಬಹಿಷ್ಕಾರವು ತೆರವಾಯಿತು. ೧೯೭೮ರಲ್ಲಿ ಅವರು ತೀರಿಕೊಂಡರು.

ಫೀನಿಯವರನ್ನು ಹಟಮಾರಿಯೆಂದು ಬದಿಗೊತ್ತುವುದು ಸುಲಭ. ಆದರೆ ಅವರ ನಿಲುವಿನಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿದೆ. ತನಗೇ ತಿಳಿಯದ ಆಕಾಂಕ್ಷೆಯೊಂದು ಸಾಕಾದರೆ ನೀರೇಕೆ, ಬೋಧಕರೇಕೆ, ಕ್ಸೇವಿಯರರು ಸಮುದ್ರ ದಾಟಿದುದೇಕೆ? ಇದಕ್ಕೆ ಸಭೆಯು ೧೯೯೨ರ ತನ್ನ ಧರ್ಮೋಪದೇಶಗ್ರಂಥದಲ್ಲಿ ಕೊಡುವ ಉತ್ತರವು ನಮಗೆ ಸಮರ್ಪಕವೆಂದು ತೋರುತ್ತದೆ. ದೇವರು ರಕ್ಷಣೆಯನ್ನು ಸಂಸ್ಕಾರಕ್ಕೆ ಹೊಂದಿಸಿದ್ದಾನೆ; ತಾನು ಮಾತ್ರ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ. ಅಂದರೆ ಮನುಷ್ಯನಿಗೆ ಕರ್ತವ್ಯವು ಉಳಿಯಿತು. ದೇವರ ಕರುಣೆಗೆ ಮಿತಿ ಹಾಕುವ ಹಕ್ಕು ಉಳಿಯಲಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೪ರಲ್ಲಿ ಹೊರಡಿಸಿದ ಶಾಸನದಲ್ಲಿಯೂ ಈ ವಿವೇಕವಿದೆ. ತಪ್ಪಿಲ್ಲದೆ ಅರಿಯದವರಿಗೆ ಅದು ರಕ್ಷಣೆಯ ಭರವಸೆಯನ್ನು ಬಿಟ್ಟಿತು. ಸಭೆಯು ಅವಶ್ಯವೆಂದು ಅರಿತೂ ಒಲ್ಲೆನೆನ್ನುವವರನ್ನೂ, ಒಳಗಿದ್ದೂ ಪ್ರೇಮದಲ್ಲಿ ನಿಲ್ಲದವರನ್ನೂ ಎಚ್ಚರಿಸಿತು. ಹೀಗೆ ಸಿಪ್ರಿಯನ್ನರ ಮಾತು ಮತ್ತೆ ಬಲ್ಲವರ ಕಡೆಗೇ ತಿರುಗಿತು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳ ವಿಷಯದಲ್ಲಿಯೂ ಭರವಸೆಗೆ ಆಧಾರಗಳಿವೆಯೆಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಸಮಿತಿಯು ೨೦೦೭ರಲ್ಲಿ ವಿವರಿಸಿತು. ಭರವಸೆಯೆಂದಿತೇ ಹೊರತು ನಿಶ್ಚಯವೆನ್ನಲಿಲ್ಲ.

ಯಾಮಗೂಚಿಯ ಆ ಜನರು ಈಗ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, ನಿಮ್ಮ ಹಿರಿಯರು ಖಂಡಿತವಾಗಿ ರಕ್ಷಿತರಾದರೆಂದು ಸಭೆಯು ಹೇಳಲಾರದು. ಕೆಟ್ಟುಹೋದರೆಂದೂ ಹೇಳಲಾರದು. ಅವರು ಯಾವುದನ್ನು ಬಲ್ಲರು, ಯಾವುದನ್ನು ಬಯಸಿದರು ಎಂಬುದು ದೇವರಿಗೆ ಗೊತ್ತು. ಅವರಿಗಾಗಿ ಪ್ರಾರ್ಥಿಸಿರಿ ಎಂದಾದರೂ ಹೇಳಬಲ್ಲದು. ಅಳುತ್ತ ನಿಂತವರಿಗೆ ಅದು ಸಣ್ಣ ಮಾತಲ್ಲವೆಂದು ನಮ್ಮ ಅಭಿಪ್ರಾಯ.